ಪೂರ್ಣತುಲ್ಯ ಘಟಕ: ವೆಚ್ಚಲೆಕ್ಕದ ಒಂದು ಪಾಠದ ವಿಮರ್ಶೆ

ಪ್ರಕ್ರಿಯಾ ವೆಚ್ಚಲೆಕ್ಕವನ್ನು ಬೋಧಿಸುವ ಪಠ್ಯಗಳಲ್ಲಿ ‘ಸಮಾನ ಘಟಕ’ವೆಂಬ ಪ್ರಕರಣವೊಂದುಂಟು. ತಿಂಗಳ ಕೊನೆಯಲ್ಲಿ ಅರೆಸಿದ್ಧವಾಗಿ ಉಳಿದ ಸರಕು ಎಷ್ಟು ಪೂರ್ಣ ಸರಕಿಗೆ ಸಮವೆಂದು ಗಣಿಸಿ, ಅದನ್ನು ಸಿದ್ಧಸರಕಿಗೆ ಕೂಡಿಸಿ, ಬಂದ ಮೊತ್ತದಿಂದ ವೆಚ್ಚವನ್ನು ಭಾಗಿಸುವುದೇ ಇದರ ವಿಧಾನ. ವಿಧಾನದಲ್ಲಿ ದೋಷವಿಲ್ಲ, ಬೋಧನೆಯಲ್ಲಿ ಉಂಟು. ‘ಕಚ್ಚಾವಸ್ತು ಶೇಕಡ 100, ಕೂಲಿ ಶೇಕಡ 50’ ಎಂದು ಪ್ರಶ್ನೆಯಲ್ಲಿಯೇ ಕೊಟ್ಟುಬಿಡುವರು. ಆ ಶೇಕಡ ಎಲ್ಲಿಂದ ಬಂದಿತೆಂದು ವಿದ್ಯಾರ್ಥಿಯು ಕೇಳುವುದೇ ಇಲ್ಲ. ಕಷ್ಟವಿರುವುದಾದರೋ ಅದನ್ನು ನಿರ್ಣಯಿಸುವುದರಲ್ಲಿ.

ತರೀಕೆರೆಯ ಕಡೆಯ ಅಡಕೆಯ ಕಣವನ್ನು ನೋಡಬಹುದು. ಕೇಣಿದಾರನು ಹಸಿ ಅಡಕೆಯನ್ನು ಕೊಂಡು ಸುಲಿಸಿ, ಚೊಗರಿನಲ್ಲಿ ಬೇಯಿಸಿ, ಒಣಗಿಸಿ, ಆರಿಸುತ್ತಾನೆ. ಸುಗ್ಗಿಯ ಮೊದಲ ತಿಂಗಳಾದುದರಿಂದ ಆರಂಭದ ದಾಸ್ತಾನಿಲ್ಲ. ಸರಾಸರಿ ಕ್ರಮವೋ ಮೊದಲು ಬಂದುದು ಮೊದಲು ಹೋಗುವ ಕ್ರಮವೋ ಎಂಬ ವಿವಾದವೂ ಇಲ್ಲ. 600 ಕಿಲೋ ಸಿದ್ಧವಾಗಿದೆ; ಒಣಗಿದಾಗ 200 ಕಿಲೋ ತೂಗುವಷ್ಟು ಇನ್ನೂ ಕಣದಲ್ಲಿದೆ ಎಂದಿಟ್ಟುಕೊಳ್ಳೋಣ. ಅಡಕೆಯ ಬೆಲೆ 2,40,000 ರೂಪಾಯಿ, ಸಂಸ್ಕರಣದ ಖರ್ಚು 22,800 ರೂಪಾಯಿ.

ಕಣದಲ್ಲಿರುವುದು ಅರೆ ಒಣಗಿದೆಯೆಂದು ಎಲ್ಲಕ್ಕೂ ಅರ್ಧವನ್ನೇ ಹಿಡಿದರೆ ಘಟಕಗಳು 700, ಕಿಲೋ ಒಂದಕ್ಕೆ ಸುಮಾರು 375 ರೂಪಾಯಿ. ಆದರೆ ಅಡಕೆಯ ಬೆಲೆಯೆಲ್ಲ ಮೊದಲೇ ತೆತ್ತಾಗಿದೆ. ಹೆಚ್ಚಿನ ಕೂಲಿಯನ್ನು ನುಂಗುವ ಸುಲಿತವೂ ಬೇಯಿಸುವಿಕೆಯೂ ಮುಗಿದಿವೆ. ಕೂಲಿಯನ್ನು ಶೇಕಡ 80 ಎಂದು ಹಿಡಿದರೆ ವಸ್ತುವಿನ ಘಟಕ 800, ಸಂಸ್ಕರಣದ ಘಟಕ 760. ವೆಚ್ಚ 300ಕ್ಕೆ 30 ಸೇರಿ 330 ರೂಪಾಯಿ. ಕಣದ ಸರಕಿಗೆ ಸಲ್ಲುವುದು 64,800 ರೂಪಾಯಿ. ಮೊದಲಿನ ಲೆಕ್ಕದಲ್ಲಿ ಅದು 37,543ಕ್ಕೆ ಇಳಿದಿತ್ತು. 350 ರೂಪಾಯಿಯ ಧಾರಣೆಯನ್ನು ನಷ್ಟವೆಂದು ತಿರಸ್ಕರಿಸಿದ ಕೇಣಿದಾರನು ನಿಜವಾಗಿ ಕಿಲೋಗೆ 20 ರೂಪಾಯಿಯ ಲಾಭವನ್ನು ಬಿಟ್ಟುಕೊಟ್ಟಂತಾಯಿತು.

ಇನ್ನೊಂದು ಪ್ರಮಾದವನ್ನು ಪಠ್ಯಗಳು ಎಚ್ಚರಿಸುವುದೇ ಅಪರೂಪ. ಕಣದ ಅಡಕೆ ಇಂದು ತಕ್ಕಡಿಯಲ್ಲಿ 260 ಕಿಲೋ ತೂಗಬಹುದು. ಆ ತೂಕವನ್ನೇ ಬರೆದರೆ ವೆಚ್ಚ ಸುಮಾರು 307 ರೂಪಾಯಿಗೆ ಇಳಿಯುವುದು. 320ಕ್ಕೆ ಮಾರಿ ಲಾಭವಾಯಿತೆಂದು ಹಿಗ್ಗುವವನು ಕಿಲೋಗೆ 10 ರೂಪಾಯಿ ಕಳೆದುಕೊಂಡಿರುವನು. ನೀರನ್ನು ಘಟಕವೆಂದು ಎಣಿಸಿದುದರ ಫಲವಿದು.

ಕಡೂರಿನ ಕಡೆಯ ಉಂಡೆಕೊಬ್ಬರಿಯಲ್ಲಿ ಪರಿಸ್ಥಿತಿ ತಲೆಕೆಳಗು. ಕಾಯಿ ಸಿಪ್ಪೆಯೊಡನೆ ಹಲವು ತಿಂಗಳು ಅಟ್ಟದ ಮೇಲಿರುತ್ತದೆ. ಸುಲಿಯುವ, ಒಡೆಯುವ ಕೂಲಿಯೆಲ್ಲ ಕೊನೆಗೆ. ಅರ್ಧ ಕಾಲ ಕಳೆದ ಕಾಯಿಗೆ ಕೂಲಿಯ ಪ್ರಮಾಣ ಅತ್ಯಲ್ಪ. ಕಳೆದ ಕಾಲವೇ ಪೂರ್ಣತೆಯ ಅಳತೆಯೆನ್ನುವವರಿಗೆ ಈ ಎರಡು ಸರಕುಗಳೇ ಉತ್ತರ. ಅಜ್ಜಂಪುರದ ಈರುಳ್ಳಿಯನ್ನು ಆರಿಸಿ ಚೀಲಕ್ಕೆ ತುಂಬಿದರಾಯಿತು. ಅದಕ್ಕೆ ಈ ಗಣಿತವನ್ನು ಹೇರುವುದು ವ್ಯರ್ಥ.

‘ಸಮಾನ ಘಟಕ’ವೆಂಬ ಪರಿಭಾಷೆಯೂ ನಮಗೆ ಸಮ್ಮತವಲ್ಲ. ಯಾವುದಕ್ಕೆ ಸಮಾನವೆಂಬುದನ್ನು ಅದು ಹೇಳದು. ‘ಪೂರ್ಣತುಲ್ಯ ಘಟಕ’ವೆಂದರೆ ಪದವೇ ಅರ್ಥವನ್ನು ನೆನಪಿಸುವುದು. ಪಠ್ಯಕರ್ತರು ಮುಂದಿನ ಮುದ್ರಣದಲ್ಲಿ ಶೇಕಡವನ್ನು ಕೊಡದೆ ಕೆಲಸದ ಹಂತಗಳನ್ನೂ ಪ್ರತಿಯೊಂದು ಹಂತದ ಕೂಲಿಯನ್ನೂ ಕೊಟ್ಟು, ಶೇಕಡವನ್ನು ವಿದ್ಯಾರ್ಥಿಯಿಂದಲೇ ತೆಗೆಯಿಸಬೇಕು.