ಸಾಮ್ಯವೋ ಚೌರ್ಯವೋ: ಒಂದು ಹಳೆಯ ವಿವಾದ

1929ರ ಜನವರಿಯಲ್ಲಿ ಕಲ್ಕತ್ತೆಯ ‘ಮಾಡರ್ನ್ ರಿವ್ಯೂ’ ಮಾಸಪತ್ರಿಕೆ ಮೀರತ್ ಕಾಲೇಜಿನ ಅಧ್ಯಾಪಕ ಜದುನಾಥ ಸಿನ್ಹರ ದೂರೊಂದನ್ನು ಅಚ್ಚುಮಾಡಿತು. ಪ್ರೇಮಚಂದ್ ರಾಯ್‌ಚಂದ್ ವಿದ್ಯಾರ್ಥಿವೇತನಕ್ಕಾಗಿ ತಾವು ಕಲ್ಕತ್ತೆಯ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ್ದ ಪ್ರಬಂಧದ ಭಾಗಗಳು 1927ರ ‘ಇಂಡಿಯನ್ ಫಿಲಾಸಫಿ’ಯ ಎರಡನೆಯ ಸಂಪುಟದಲ್ಲಿ ಋಣಸ್ಮರಣೆಯಿಲ್ಲದೆ ಸೇರಿವೆಯೆಂಬುದು ಅವರ ಆಕ್ಷೇಪ. ಗ್ರಂಥಕರ್ತರು ಸರ್ವೇಪಲ್ಲಿ ರಾಧಾಕೃಷ್ಣನ್. 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿದ್ದು ಅನಂತರ ಕಲ್ಕತ್ತೆಗೆ ತೆರಳಿದ್ದವರು. ಇಬ್ಬರೂ ಒಂದೇ ಸಂಸ್ಕೃತ ಮೂಲಗಳನ್ನು ಅನುವಾದಿಸಿದ್ದರಿಂದ ಸಾಮ್ಯ ಅನಿವಾರ್ಯವೆಂದು ಅವರು ಉತ್ತರವಿತ್ತರು. ಪತ್ರಿಕೆ ಉಭಯಪಕ್ಷಗಳ ಪತ್ರಗಳನ್ನೂ ಪ್ರಕಟಿಸಿತು. ಅದೇ ವರ್ಷ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಪ್ರತಿದಾವೆಯಲ್ಲಿ ಸಂಪಾದಕ ರಾಮಾನಂದ ಚಟರ್ಜಿಯವರೂ ಪ್ರತಿವಾದಿಯಾದರು. 1933ರಲ್ಲಿ ಎರಡೂ ದಾವೆಗಳು ರಾಜಿಯಲ್ಲಿ ಮುಗಿದವು. ತೀರ್ಪು ಬರಲಿಲ್ಲ.

ರಾಜಿಯಿಂದ ವ್ಯಕ್ತಿಗಳಿಗೆ ನೆಮ್ಮದಿ ದೊರೆತಿರಬಹುದು. ವಿದ್ವತ್ತಿಗೆ ಏನೂ ದೊರೆಯಲಿಲ್ಲ. ಆರೋಪ ಸುಳ್ಳೆಂದಾಗಲಿ ನಿಜವೆಂದಾಗಲಿ ಸ್ಥಿರಪಡದೆ ಎರಡು ಹೆಸರುಗಳ ಮೇಲೂ ಶಂಕೆಯ ನೆರಳು ಉಳಿಯಿತು. ನ್ಯಾಯಾಲಯ ಎಣಿಸುವುದು ಹಕ್ಕು, ನಷ್ಟಗಳನ್ನು. ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವ ಕೆಲಸ ವಿದ್ವತ್ಪತ್ರಿಕೆಯದು.

‘ಒಂದೇ ಮೂಲ’ವೆಂಬ ಸಮಾಧಾನವನ್ನು ತಳ್ಳಿಹಾಕುವಂತಿಲ್ಲ, ಕೇಳಿ ಸುಮ್ಮನಾಗುವಂತೆಯೂ ಇಲ್ಲ. ಪ್ರತ್ಯಕ್ಷ, ಅನುಮಾನಗಳಂಥ ಪಾರಿಭಾಷಿಕಗಳಿಗೆ ಇಬ್ಬರು ಅನುವಾದಕರು ಒಂದೇ ಇಂಗ್ಲಿಷ್ ಪದ ಬಳಸಿದರೆ ಅಚ್ಚರಿಯಿಲ್ಲ. ಆದರೆ ವಿಸ್ತಾರವಾದ ಮೂಲದಿಂದ ಅವೇ ವಾಕ್ಯಗಳನ್ನು ಆಯ್ದು, ಅದೇ ಕ್ರಮದಲ್ಲಿ ಜೋಡಿಸಿ, ಅಲ್ಲಲ್ಲೇ ಸಂಕ್ಷೇಪಿಸಿ, ಕೊನೆಗೆ ಎಡವಿದ ಜಾಗದಲ್ಲಿಯೇ ಎಡವಿದ್ದರೆ ಅದನ್ನು ಆಕಸ್ಮಿಕವೆನ್ನುವುದು ಕಷ್ಟ. ಗ್ರಂಥಸಂಪಾದಕರು ಓಲೆಯ ಪ್ರತಿಗಳ ನಂಟನ್ನು ಗುರುತಿಸುವುದು ಸಮಾನ ಸ್ಖಾಲಿತ್ಯಗಳಿಂದಲೇ ಅಲ್ಲವೆ? ಅದೇ ಒರೆಗಲ್ಲು ಅಚ್ಚಿನ ಲೇಖನಕ್ಕೂ ಸಲ್ಲುತ್ತದೆ.

ಯು.ಜಿ.ಸಿ.ಯ 2018ರ ನಿಯಮಗಳು ಸಾಮ್ಯವನ್ನು ಶೇಕಡಾವಾರು ಅಳೆಯುತ್ತವೆ: 10ರವರೆಗೆ ದಂಡವಿಲ್ಲ, 60ನ್ನು ಮೀರಿದರೆ ಅತ್ಯುಗ್ರ ದಂಡ. ಎಣಿಕೆ ಸುಲಭ, ಅದರ ಆಕರ್ಷಣೆಯೂ ಅದೇ. ಆದರೆ ಮರಾಠಿಯ ಪ್ರಬಂಧವೊಂದು ಕರ್ತೃವಿನ ಹೆಸರಿಲ್ಲದೆ ಕನ್ನಡಕ್ಕಿಳಿದರೆ, ಅಕ್ಷರಸಾಮ್ಯವನ್ನಷ್ಟೇ ಹುಡುಕುವ ಯಂತ್ರಕ್ಕೆ ಅದು ಹೊಚ್ಚಹೊಸ ಕೃತಿ. ಹೊರನಾಡಿನ ಕನ್ನಡ ಪತ್ರಿಕೆಗಳಿಗೆ ಈ ಮಾತು ಹೆಚ್ಚು ತಾಗುತ್ತದೆ. ಅವುಗಳ ಲೇಖಕರು ಎರಡು ಮೂರು ಭಾಷೆಗಳನ್ನು ಬಲ್ಲವರು, ಪ್ರಲೋಭನೆಯೂ ಹತ್ತಿರ. ಅದನ್ನು ಕಂಡುಹಿಡಿಯಬಲ್ಲ ಓದುಗರೂ ಅದೇ ಬಳಗದಲ್ಲಿದ್ದಾರೆ. ದೂರು ಬಂದಾಗ ಸಂಪಾದಕರು ಎರಡು ಪಾಠಗಳನ್ನೂ ಎದುರುಬದುರು ಅಚ್ಚಿಟ್ಟು, ಲೇಖಕರ ಉತ್ತರವನ್ನು ಕೆಳಗೇ ಕೊಟ್ಟು, ತಮ್ಮ ನಿರ್ಣಯವನ್ನೂ ಕಾರಣಸಹಿತ ಅದೇ ಸಂಚಿಕೆಯಲ್ಲಿ ತಿಳಿಸಬೇಕು. ಮೂಲೆಯಲ್ಲೊಂದು ಎರಡು ಸಾಲಿನ ವಿಷಾದ ಸಾಲದು.