ಪಟ್ಟಿಯಲ್ಲಿಲ್ಲದ ಕ್ಯಾಚರ್

ಜನವರಿ ಬಂತೆಂದರೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ಪಟ್ಟಿಗಳ ಕಾಲ. ಯಾವ ತಂಡದ ಮೈನರ್ ಲೀಗ್ ಬಳಗ ಎಷ್ಟನೆಯದು, ಯಾವ ಹುಡುಗ ಮೊದಲ ನೂರರಲ್ಲಿ ಎಷ್ಟನೆಯವನು, ಯಾರು ಏರಿದರು, ಯಾರು ಜಾರಿದರು ಎಂಬುದೇ ಮಾತು. ನನ್ನ ಚಾಳಿ ಈ ಅಂಕಣದ ಓದುಗರಿಗೆ ಗೊತ್ತು, ಪಟ್ಟಿಯನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಈ ವಾರ ಪಿಚರ್‌ಗಳ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಪಿಚರ್‌ಗಳನ್ನು ಪಟ್ಟಿಯ ಮೇಲ್ತುದಿಯಲ್ಲಿ ಕೂರಿಸುವುದು ಏಕೆ ದುಡುಕು ಎನ್ನುವುದು ನನ್ನ ವಾದ. ಅದಕ್ಕೆ ಸಾಕ್ಷಿಯೆಂದು ಹೊರತೆಗೆದದ್ದು 2011ರ ಕ್ಯಾನ್ಸಸ್ ಸಿಟಿ ರಾಯಲ್ಸ್ ಪಟ್ಟಿ.

ಆ ವರ್ಷ ‘ಬೇಸ್‌ಬಾಲ್ ಅಮೆರಿಕಾ’ ಪತ್ರಿಕೆಯ ಮೊದಲ ನೂರರಲ್ಲಿ ಒಂದೇ ತಂಡದ ಒಂಬತ್ತು ಹುಡುಗರಿದ್ದರು. ಎರಿಕ್ ಹಾಸ್ಮರ್ 8, ಮೈಕ್ ಮುಸ್ಟಾಕಸ್ 9, ವಿಲ್ ಮೈಯರ್ಸ್ 10, ಜಾನ್ ಲ್ಯಾಂಬ್ 18, ಮೈಕ್ ಮಾಂಟ್ಗೊಮೆರಿ 19, ಕ್ರಿಶ್ಚಿಯನ್ ಕೊಲೊನ್ 51, ಡ್ಯಾನಿ ಡಫಿ 68, ಜೇಕ್ ಓಡೊರಿಝಿ 69, ಕ್ರಿಸ್ ಡ್ವಯರ್ 83. 1990ರಲ್ಲಿ ಆ ಪಟ್ಟಿ ಶುರುವಾದಂದಿನಿಂದ ಒಂದು ತಂಡಕ್ಕೆ ಒಂಬತ್ತು ಸ್ಥಾನ ಸಿಕ್ಕಿದ್ದು ಅದೇ ಮೊದಲು. ಹಿಂದಿನ ಋತುವಿನಲ್ಲಿ ರಾಯಲ್ಸ್ 67 ಗೆದ್ದು 95 ಸೋತಿತ್ತು. 1985ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಮೇಲೆ ಅವರು ಪ್ಲೇಆಫ್‌ನ ಮುಖವನ್ನೇ ಕಂಡಿರಲಿಲ್ಲ. ಒಂದು ತಲೆಮಾರು ಸೋಲನ್ನೇ ನೋಡುತ್ತ ಬೆಳೆದ ಊರು ಆ ಒಂಬತ್ತು ಹೆಸರುಗಳ ಮೇಲೆ ಎಷ್ಟು ಆಸೆ ಇಟ್ಟಿತ್ತೆಂದು ಊಹಿಸಿಕೊಳ್ಳಿ.

ಒಂಬತ್ತರಲ್ಲಿ ಐವರು ಪಿಚರ್‌ಗಳು, ಅವರಲ್ಲಿ ನಾಲ್ವರು ಎಡಗೈಯವರು. ಲ್ಯಾಂಬ್ ಅದೇ 2011ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಹಳೆಯ ವೇಗ ಮತ್ತೆ ಬರಲಿಲ್ಲ. ಡ್ವಯರ್‌ಗೆ ಮೇಜರ್ ಲೀಗ್‌ನಲ್ಲಿ ದಕ್ಕಿದ್ದು ಒಂದೆರಡು ಪಂದ್ಯ. ಮಾಂಟ್ಗೊಮೆರಿ, ಓಡೊರಿಝಿ ರಾಯಲ್ಸ್ ಅಂಗಿ ತೊಟ್ಟು ಮೇಜರ್ ಲೀಗ್‌ನಲ್ಲಿ ಹೆಸರು ಮಾಡುವ ಮೊದಲೇ ಬೇರೆಡೆಗೆ ಹೋದರು. ಡಫಿ ಒಬ್ಬರೇ ಉಳಿದರು, ಅವರಿಗೂ 2012ರಲ್ಲಿ ಅದೇ ಮೊಣಕೈ ಶಸ್ತ್ರಚಿಕಿತ್ಸೆ ಆಯಿತು. 2015ರಲ್ಲಿ ಗೆದ್ದ ವರ್ಲ್ಡ್ ಸೀರೀಸ್‌ನಲ್ಲಿ ರಾಯಲ್ಸ್ ಪರ ಪಂದ್ಯ ಶುರು ಮಾಡಿದ ನಾಲ್ವರೆಂದರೆ ವೋಲ್ಕೆಸ್, ಕ್ವೇಟೊ, ವೆಂಚುರಾ, ಯಂಗ್. ನಾಲ್ಕು ವರ್ಷಗಳ ಹಿಂದಿನ ಆ ಪಟ್ಟಿಯ ಒಬ್ಬ ಪಿಚರ್ ಕೂಡ ಅವರಲ್ಲಿಲ್ಲ. ಯಾರ್ಡಾನೊ ವೆಂಚುರಾ ರಾಯಲ್ಸ್ ತಾವೇ ಬೆಳೆಸಿದ ಹುಡುಗ ನಿಜ. ಆದರೆ ಡೊಮಿನಿಕನ್ ಗಣರಾಜ್ಯದಿಂದ ಸಣ್ಣ ಮೊತ್ತಕ್ಕೆ ಬಂದ ಆ ಸಣಕಲ ಮೈಕಟ್ಟಿನ ಹುಡುಗನಿಗೆ 2011ರ ನೂರರಲ್ಲಿ ಜಾಗವಿರಲಿಲ್ಲ.

ಪಿಚರ್‌ಗಳ ವಿಷಯದಲ್ಲಿ ಸಾಕ್ಷಿ ಇಷ್ಟು ಸಾಕು. ಮುಂದಕ್ಕೆ ಹೋಗುವ ಮೊದಲು ಹಳೆಯ ಲೆಕ್ಕವೊಂದನ್ನು ಚುಕ್ತಾ ಮಾಡಬೇಕಿದೆ.

2012ರ ಡಿಸೆಂಬರ್‌ನಲ್ಲಿ ರಾಯಲ್ಸ್‌ನ ಜನರಲ್ ಮ್ಯಾನೇಜರ್ ಡೇಟನ್ ಮೂರ್ ಅವರು ಮೈಯರ್ಸ್, ಓಡೊರಿಝಿ, ಮಾಂಟ್ಗೊಮೆರಿ ಹಾಗೂ ಇನ್ನೊಬ್ಬ ಹುಡುಗನನ್ನು ಟ್ಯಾಂಪಾ ಬೇಗೆ ಕೊಟ್ಟು ಜೇಮ್ಸ್ ಶೀಲ್ಡ್ಸ್ ಮತ್ತು ವೇಡ್ ಡೇವಿಸ್‌ರನ್ನು ತಂದರು. ಅಂಕಿಅಂಶಗಳನ್ನೇ ನಂಬುವ ಲೆಕ್ಕದ ಶಾಲೆಯ ಪಂಡಿತರು ಅಂದು ಮೂರ್ ಮೇಲೆ ಮುಗಿಬಿದ್ದರು. ಆರು ವರ್ಷ ಅಗ್ಗದ ಸಂಬಳಕ್ಕೆ ಸಿಗುವ ಬ್ಯಾಟರ್‌ನನ್ನು ಎರಡು ವರ್ಷದ ಪಿಚರ್‌ಗೆ ಮಾರಿದ್ದು ಶುದ್ಧ ಅವಿವೇಕವೆಂದು ಬರೆದರು. ಮರುವರ್ಷ ಮೈಯರ್ಸ್ ಅಮೆರಿಕನ್ ಲೀಗ್‌ನ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಗೆದ್ದಾಗ ಅವರಿಗೆ ತಮ್ಮ ಮಾತೇ ನಿಜವಾಯಿತೆನಿಸಿತು. ಅದೇ 2013ರಲ್ಲಿ ರಾಯಲ್ಸ್ 86 ಪಂದ್ಯ ಗೆದ್ದಿತು, 1989ರ ನಂತರ ಆ ತಂಡ ಅಷ್ಟು ಗೆದ್ದಿರಲಿಲ್ಲ. 2014ರಲ್ಲಿ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದವರೆಗೆ ಹೋಯಿತು. ಬುಲ್‌ಪೆನ್‌ಗೆ ಹೋದ ಡೇವಿಸ್‌ರ ಇಆರ್‌ಎ ಆ ವರ್ಷ 1.00, ಮರುವರ್ಷ 0.94. 2015ರ ವರ್ಲ್ಡ್ ಸೀರೀಸ್‌ನ ಕೊನೆಯ ಔಟ್ ಪಡೆದವರೂ ಅವರೇ. ಲ್ಯಾಂಬ್ ಸಹ ವ್ಯರ್ಥವಾಗಲಿಲ್ಲ. 2015ರ ಜುಲೈನಲ್ಲಿ ಜಾನಿ ಕ್ವೇಟೊಗಾಗಿ ಸಿನ್ಸಿನಾಟಿಗೆ ಹೋದ ಮೂವರಲ್ಲಿ ಅವರೊಬ್ಬರು. ಕ್ವೇಟೊ ಎರಡನೇ ಪಂದ್ಯದಲ್ಲಿ ಎರಡೇ ಹಿಟ್ ಬಿಟ್ಟು ಒಂಬತ್ತೂ ಇನಿಂಗ್ಸ್ ತಾವೇ ಎಸೆದರು. ಮಾಂಟ್ಗೊಮೆರಿ ಕೈಕೈ ದಾಟಿ ಶಿಕಾಗೊ ಕಬ್ಸ್ ಸೇರಿ, 2016ರ ಏಳನೇ ಪಂದ್ಯದ ಕೊನೆಯ ಔಟ್ ಪಡೆದು ಆ ತಂಡದ 108 ವರ್ಷಗಳ ಬರ ನೀಗಿಸಿದರು. ಪ್ರಾಸ್ಪೆಕ್ಟ್‌ಗಳನ್ನು ಕೂಡಿಟ್ಟು ಕಾಯುವುದೇ ಜಾಣತನ ಎನ್ನುವ ಶಾಲೆಗೆ ನನ್ನ ಉತ್ತರ ಈ ಟ್ರೇಡ್. ಎರಡೂ ಕಡೆ ಲಾಭವಾಗಿರಬಹುದು. ಆದರೆ ಬಾವುಟ ಹಾರಿದ್ದು ಕ್ಯಾನ್ಸಸ್ ಸಿಟಿಯಲ್ಲಿ.

ಇಲ್ಲಿಂದ ಪಿಚರ್‌ಗಳಿಗೆ ಮರಳಬೇಕಿತ್ತು. ಆದರೆ ಮೈಯರ್ಸ್ ಹೆಸರು ಬಂದೊಡನೆ ನನ್ನ ಮನಸ್ಸು 2010ರ ವಿಲ್ಮಿಂಗ್ಟನ್‌ಗೆ ಹೊರಟಿತು. ಪಿಚರ್‌ಗಳು ಇನ್ನೊಂದು ವಾರ ಕಾಯಲಿ.

ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ಬ್ಲೂ ರಾಕ್ಸ್ ಆಗ ರಾಯಲ್ಸ್‌ನ ಹೈ-ಎ ತಂಡ. ಆ ಋತುವಿನ ಉತ್ತರಾರ್ಧದಲ್ಲಿ ಅಲ್ಲಿ ಇಪ್ಪತ್ತರ ಆಸುಪಾಸಿನ ಇಬ್ಬರು ಕ್ಯಾಚರ್‌ಗಳಿದ್ದರು. ಒಬ್ಬರು ಮೈಯರ್ಸ್, ಹೌದು, ಮೈಯರ್ಸ್ ಆಗ ಕ್ಯಾಚರ್. ಇನ್ನೊಬ್ಬರು ವೆನೆಜುವೆಲಾದ ಸಾಲ್ವಡೋರ್ ಪೆರೇಸ್. 2006ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, 65,000 ಡಾಲರ್‌ಗೆ ಸಹಿ ಮಾಡಿ ಬಂದವರು. ಆ ಋತು ಮುಗಿದ ಕೆಲವೇ ತಿಂಗಳಲ್ಲಿ ಬಂದ ಪಟ್ಟಿಯಲ್ಲಿ ಮೊದಲನೆಯವರು ಇಡೀ ದೇಶಕ್ಕೆ ಹತ್ತನೆಯವರು. ಎರಡನೆಯವರ ಹೆಸರೇ ನೂರರಲ್ಲಿಲ್ಲ. ಮೈಯರ್ಸ್‌ರ ಬ್ಯಾಟ್ ಬೇಗ ಮೇಲೆ ಬರಲೆಂದು 2011ಕ್ಕೆ ಅವರನ್ನು ಔಟ್‌ಫೀಲ್ಡ್‌ಗೆ ಕಳಿಸಿದರು, ಮುಖಗವಸು ಪೆರೇಸ್‌ಗೆ ಉಳಿಯಿತು. ಪಟ್ಟಿ ಪ್ರಕಟವಾದ ವರ್ಷದ ಆಗಸ್ಟ್‌ನಲ್ಲೇ ಪೆರೇಸ್ ಮೇಜರ್ ಲೀಗ್‌ಗೆ ಬಂದು 39 ಪಂದ್ಯಗಳಲ್ಲಿ .331 ಸರಾಸರಿ ತಂದರು. ಮುಂದಿನದು ದಾಖಲೆ: ಐದು ಗೋಲ್ಡ್ ಗ್ಲೌವ್, 2015ರ ವರ್ಲ್ಡ್ ಸೀರೀಸ್‌ನ ಅತ್ಯಂತ ಮೌಲ್ಯಯುತ ಆಟಗಾರ, 2021ರಲ್ಲಿ 48 ಹೋಮ್ ರನ್ ಮತ್ತು 121 ಆರ್‌ಬಿಐ. ಮುಖ್ಯವಾಗಿ ಕ್ಯಾಚರ್ ಆಗಿಯೇ ಆಡಿದವರಲ್ಲಿ ಅದಕ್ಕೂ ಮೊದಲು ಜಾನಿ ಬೆಂಚ್‌ರ 45 ಹೋಮ್ ರನ್ ದಾಟಿದವರಿರಲಿಲ್ಲ.

ಅಷ್ಟು ಜನ ನುರಿತವರು ನೋಡಿಯೂ ಇದು ಏಕೆ ಕಾಣಲಿಲ್ಲ? ಒಂದು ಕಾರಣ ಮೈದಾನ. ವಿಲ್ಮಿಂಗ್ಟನ್‌ನ ಫ್ರಾಲಿ ಸ್ಟೇಡಿಯಂ ಪಿಚರ್‌ಗಳ ಪಕ್ಷಪಾತಿ, ಅಲ್ಲಿ ಚೆಂಡು ಬೇಲಿ ದಾಟುವುದು ಕಷ್ಟ. ಪೆರೇಸ್‌ರ ಆ ವರ್ಷದ ಹೋಮ್ ರನ್‌ಗಳು ಏಳು. ಅದೇ ಹೊತ್ತಿಗೆ ಒಂದು ಮೆಟ್ಟಿಲು ಮೇಲೆ, ಬ್ಯಾಟರ್‌ಗಳಿಗೆ ಒಲಿದ ಟೆಕ್ಸಸ್ ಲೀಗ್‌ನಲ್ಲೂ ಅದಕ್ಕೂ ಮೇಲಿನ ಮೆಟ್ಟಿಲಾದ ಒಮಾಹಾದಲ್ಲೂ ಮುಸ್ಟಾಕಸ್ ಒಟ್ಟು 36 ಹೊಡೆದಿದ್ದರು. ರಣಜಿಯಲ್ಲಿ ಪಾಟಾ ಪಿಚ್‌ನ ಶತಕವನ್ನೂ ಹಸಿರು ಪಿಚ್‌ನ ನಲವತ್ತನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಲು ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಕಾರಣ ಇನ್ನೂ ಆಳದ್ದು. ಸ್ಕೌಟ್‌ಗಳ 20ರಿಂದ 80ರ ಅಳತೆಗೋಲು ಆಟಗಾರನ ಐದು ಗುಣಗಳನ್ನು ಅಳೆಯುತ್ತದೆ: ಹಿಟ್, ಪವರ್, ಓಟ, ಎಸೆತ, ಫೀಲ್ಡಿಂಗ್. ಕ್ಯಾಚರ್‌ನ ಎಸೆತವನ್ನು ಗಡಿಯಾರ ಹಿಡಿದು ನೋಡಬಹುದು. ಚೆಂಡು ಗ್ಲೌವ್ ಮುಟ್ಟಿದ ಕ್ಷಣದಿಂದ ಎರಡನೇ ಬೇಸ್‌ನಲ್ಲಿ ಕೈಸೇರುವವರೆಗೆ ಸುಮಾರು ಎರಡು ಸೆಕೆಂಡ್ ಆದರೆ ಅದು ಮೇಜರ್ ಲೀಗ್‌ನ ಸಾಧಾರಣ ಮಟ್ಟ. ಆದರೆ ಮೂರನೇ ಬ್ಯಾಟರ್‌ಗೂ ವಾಕ್ ಕೊಟ್ಟು ಕಂಗೆಟ್ಟ ಪಿಚರ್ ಬಳಿ ನಡೆದುಹೋಗಿ, ತನಗೆ ಇನ್ನೂ ಒಗ್ಗದ ಇಂಗ್ಲಿಷ್‌ನಲ್ಲಿ ಎರಡು ಮಾತಾಡಿ, ಅವನ ಉಸಿರು ಹದಕ್ಕೆ ತಂದು ಮರಳುವ ಇಪ್ಪತ್ತರ ಹುಡುಗನಿಗೆ ಯಾವ ಅಂಕ? ಆಗಸ್ಟ್‌ನ ಬಿಸಿಲಿನಲ್ಲಿ ಮಂಡಿಯೂರಿ ನೂರನೇ ಪಂದ್ಯ ಆಡುವಾಗಲೂ ನೆಲ ಬಡಿದ ಚೆಂಡಿಗೆ ಮೈಯೊಡ್ಡುವವನಿಗೆ? 2014ರಲ್ಲಿ ಪೆರೇಸ್ 150 ಪಂದ್ಯ ಆಡಿದರು. ಆ ಸಹನೆಯನ್ನು ಹೈ-ಎ ಮಟ್ಟದಲ್ಲಿ ಕಾಣಬೇಕಾದರೆ ಒಬ್ಬರು ಅಲ್ಲಿ ದಿನಗಟ್ಟಲೆ ಕೂತು ನೋಡಬೇಕು.

ಕೂತು ನೋಡುವವರ ಬಗ್ಗೆ ಕೆವಿನ್ ಕೆರೇನ್ ಬರೆದ ‘ಡಾಲರ್ ಸೈನ್ ಆನ್ ದ ಮಸಲ್’ ನನಗೆ ಈ ಆಟದ ಎಲ್ಲ ಪುಸ್ತಕಗಳಿಗಿಂತ ಪ್ರಿಯ. ಕೆರೇನ್ 1981ರ ಋತುವಿನಲ್ಲಿ ಫಿಲಡೆಲ್ಫಿಯಾ ಫಿಲೀಸ್‌ನ ಸ್ಕೌಟ್‌ಗಳ ಜೊತೆ ಓಡಾಡಿದರು, ಪುಸ್ತಕ ಬಂದದ್ದು 1984ರಲ್ಲಿ. ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ 1965ರಲ್ಲಿ ಬರುವುದಕ್ಕೆ ಮುಂಚೆ ಸ್ಕೌಟ್ ಒಬ್ಬ ಹುಡುಗನನ್ನು ಕಂಡರೆ ಅವನ ಮನೆಗೆ ಹೋಗಿ, ಅಪ್ಪ ಅಮ್ಮನ ಜೊತೆ ಊಟಕ್ಕೆ ಕೂತು, ನಂಬಿಕೆ ಗಳಿಸಿ ಸಹಿ ಮಾಡಿಸುತ್ತಿದ್ದ. ಕಂಡ ಹುಡುಗ ಅವನವನಾಗುತ್ತಿದ್ದ. ಡ್ರಾಫ್ಟ್ ಬಂದ ಮೇಲೆ ಅವನ ಕೆಲಸ ವರದಿ ಬರೆಯುವುದಕ್ಕೆ ಇಳಿಯಿತು, 1974ರಲ್ಲಿ ಹಲವು ತಂಡಗಳಿಗೆ ಸೇರಿ ಸ್ಕೌಟಿಂಗ್ ಬ್ಯೂರೊ ಆದ ಮೇಲೆ ವರದಿಗಳೂ ಒಂದೇ ಅಚ್ಚಿಗೆ ಬಂದವು. ಹಳೆಯ ಸ್ಕೌಟ್‌ಗಳು ಕೆರೇನ್‌ರ ಪುಸ್ತಕದಲ್ಲಿ ತಾವೇ ಮಾತಾಡುತ್ತಾರೆ. ಹುಡುಗನ ಮುಖದಲ್ಲೇ ಏನೋ ಕಾಣುತ್ತದೆ ಎಂದು ಅವರು ಹೇಳುವಾಗ ಲೆಕ್ಕದ ಶಾಲೆ ನಗುತ್ತದೆ. ಮುಖ ನೋಡಿ ಮೋಸಹೋದ ಕತೆಗಳು ಅವರ ಬಳಿಯೂ ಧಾರಾಳ. ಆದರೂ ಅವರಲ್ಲಿ ಒಂದು ವಿವೇಕವಿತ್ತು. ತಾವು ಕಂಡದ್ದು ಸ್ವಲ್ಪ, ಕಾಣದೆ ಹೋದದ್ದೇ ಬಹಳ ಎಂದು ಅವರಿಗೆ ತಿಳಿದಿತ್ತು. ಆದ್ದರಿಂದಲೇ ಅವರು ಇನ್ನೂ ಒಬ್ಬನಿಗೆ, ಇನ್ನೂ ಒಬ್ಬನಿಗೆ ಅವಕಾಶ ಕೊಡಿ ಎಂದು ತಂಡದವರನ್ನು ಕಾಡುತ್ತಿದ್ದರು.

ಫಾರ್ಮ್ ವ್ಯವಸ್ಥೆ ಕಟ್ಟಿದ ಬ್ರಾಂಚ್ ರಿಕಿ ಅವರ ನಂಬಿಕೆಯೂ ಅದೇ. ಸಂಖ್ಯೆ ಹೆಚ್ಚಿದಲ್ಲಿ ಗುಣ ತಾನಾಗಿ ಮೇಲೆ ಬರುತ್ತದೆ ಎಂದು ಅವರು ತಿಳಿದಿದ್ದರು. ಅವರ ಕಾಲದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕೈಕೆಳಗೆ ಮೂವತ್ತಕ್ಕೂ ಹೆಚ್ಚು ಮೈನರ್ ತಂಡಗಳಿದ್ದವು. ಅದರಲ್ಲಿ ಹುಡುಗರ ಶೋಷಣೆಯೂ ಇತ್ತು, ಅದನ್ನು ಮರೆಮಾಚುವುದು ಸಲ್ಲ. ಆದರೆ ಪ್ರತಿಭೆ ಎಲ್ಲಿಂದ ಏಳುತ್ತದೆಂದು ಮೊದಲೇ ತಿಳಿಯದು ಎಂಬ ಅವರ ತಿಳಿವಳಿಕೆ ಇಂದಿಗೂ ಸುಳ್ಳಾಗಿಲ್ಲ.

ಅದಕ್ಕೆ ಸಾಕ್ಷಿ 2015ರ ನವೆಂಬರ್ 1, ನ್ಯೂಯಾರ್ಕ್‌ನ ಸಿಟಿ ಫೀಲ್ಡ್, ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದ ಹನ್ನೆರಡನೇ ಇನಿಂಗ್ಸ್. ಪಟ್ಟಿಯಲ್ಲಿಲ್ಲದ ಪೆರೇಸ್ ಸಿಂಗಲ್ ಹೊಡೆದರು. ಅವರ ಬದಲು ಓಡಲು ಬಂದವರು ಜರಾಡ್ ಡೈಸನ್, 2006ರ ಡ್ರಾಫ್ಟ್‌ನ ಐವತ್ತನೇ ಸುತ್ತಿನಲ್ಲಿ, ಎಂದರೆ ಕಟ್ಟಕಡೆಯ ಸುತ್ತಿನಲ್ಲಿ, ಸಿಕ್ಕವರು. ಡೈಸನ್ ಎರಡನೇ ಬೇಸ್ ಕದ್ದರು, ಮೂರನೆಯದಕ್ಕೆ ಸರಿದರು. ಆ ಪ್ಲೇಆಫ್‌ನಲ್ಲಿ ಅಲ್ಲಿಯವರೆಗೆ ಒಮ್ಮೆಯೂ ಬ್ಯಾಟ್ ಹಿಡಿಯದಿದ್ದ ಕೊಲೊನ್, 2011ರ ಪಟ್ಟಿಯ 51ನೆಯವರು, ಸಿಂಗಲ್ ಹೊಡೆದು ಅವರನ್ನು ಮನೆ ಸೇರಿಸಿದರು. ಪಂದ್ಯ 7-2. ಹಿಂದಿನ ವರ್ಷದ ವೈಲ್ಡ್ ಕಾರ್ಡ್ ಪಂದ್ಯದಲ್ಲೂ ಹನ್ನೆರಡನೇ ಇನಿಂಗ್ಸ್‌ನಲ್ಲಿ ಗೆಲುವಿನ ಓಟ ಓಡಿದ್ದು ಕೊಲೊನ್, ಆ ಹಿಟ್ ಹೊಡೆದದ್ದು ಪೆರೇಸ್. ಕೊಲೊನ್‌ರನ್ನು ಬಹಳ ಮಂದಿ ವಿಫಲ ಪ್ರಾಸ್ಪೆಕ್ಟ್ ಎಂದು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ.

ಈಗ ಲೆಕ್ಕದ ಶಾಲೆ ಗೆದ್ದಿದೆ. ಮೈನರ್ ಲೀಗ್‌ನ ಮೈದಾನಗಳಲ್ಲೂ ಚೆಂಡಿನ ವೇಗ, ತಿರುಗು, ಬ್ಯಾಟ್ ಬಿಟ್ಟ ಕೋನ ಎಲ್ಲವನ್ನೂ ಯಂತ್ರ ಬರೆದುಕೊಳ್ಳುತ್ತದೆ. ಅದರಿಂದ ಉಪಕಾರವಾಗಿದೆ, ವಿಲ್ಮಿಂಗ್ಟನ್‌ನಂಥ ಮೈದಾನ ಇಂದು ಒಬ್ಬ ಬ್ಯಾಟರ್‌ನ ಬಲವನ್ನು ಅಷ್ಟು ಸುಲಭವಾಗಿ ಬಚ್ಚಿಡಲಾರದು. ನನ್ನ ತಕರಾರು ಅದರಿಂದ ಎಳೆದ ತೀರ್ಮಾನದ ಮೇಲೆ. ಯಾರು ಬೆಳೆಯುತ್ತಾರೆಂದು ಮೊದಲೇ ತಿಳಿಯುವುದಾದರೆ ಉಳಿದವರನ್ನು ಸಾಕುವುದೇಕೆ ಎಂಬ ತರ್ಕಕ್ಕೆ ಬಲ ಬಂತು. 2021ರಲ್ಲಿ ಮೇಜರ್ ಲೀಗ್‌ನ ಆಶ್ರಯದಲ್ಲಿರುವ ಮೈನರ್ ತಂಡಗಳು 120ಕ್ಕೆ ಇಳಿದವು, ನಲವತ್ತರಷ್ಟು ಊರುಗಳು ಆ ನಂಟು ಕಳೆದುಕೊಂಡವು. 2019ರವರೆಗೆ 40 ಸುತ್ತು ನಡೆಯುತ್ತಿದ್ದ ಡ್ರಾಫ್ಟ್ 20ಕ್ಕೆ ಬಂತು. 2024ರಲ್ಲಿ ಒಂದು ತಂಡ ಅಮೆರಿಕದಲ್ಲಿ ಇಟ್ಟುಕೊಳ್ಳಬಹುದಾದ ಮೈನರ್ ಆಟಗಾರರ ಮಿತಿಯೂ 180ರಿಂದ 165 ಆಯಿತು.

ಮೈಕ್ ಪಿಯಾಝಾ 1988ರಲ್ಲಿ 62ನೇ ಸುತ್ತಿನಲ್ಲಿ ಬಂದ ಹುಡುಗ, ಅವರ ಹೆಸರು 2016ರಲ್ಲಿ ಹಾಲ್ ಆಫ್ ಫೇಮ್ ಸೇರಿತು. ಮಾರ್ಕ್ ಬರ್ಲಿ 1998ರ 38ನೇ ಸುತ್ತು. ಕ್ಯಾನ್ಸಸ್ ಸಿಟಿಯ ಕಾಲೇಜಿನಲ್ಲೇ ಆಡುತ್ತಿದ್ದ ಆಲ್ಬರ್ಟ್ ಪುಹೋಲ್ಸ್‌ರನ್ನು 1999ರಲ್ಲಿ ಎಲ್ಲ ತಂಡಗಳೂ ಹನ್ನೆರಡು ಸುತ್ತು ಬಿಟ್ಟುಕೊಟ್ಟವು, ಆ ಊರಿನ ರಾಯಲ್ಸ್ ಸಹ. ಇಂಥ ಆಟದಲ್ಲಿ ಬಾಗಿಲು ಕಿರಿದು ಮಾಡುವವರ ಕೈಯಲ್ಲಿ ಎಷ್ಟು ಒಳ್ಳೆಯ ಯಂತ್ರವಿದ್ದರೂ ನನಗೆ ಭರವಸೆಯಿಲ್ಲ. ಇಂದಿನ ಡ್ರಾಫ್ಟ್‌ನಲ್ಲಿ ಡೈಸನ್ ಹೆಸರನ್ನು ಯಾರೂ ಕೂಗುತ್ತಿರಲಿಲ್ಲ. ಡ್ರಾಫ್ಟ್ ಮತ್ತೆ 40 ಸುತ್ತಿಗೆ ಮರಳಬೇಕು, ಕೈಬಿಟ್ಟ ಊರುಗಳಲ್ಲಿ ಕೆಲವಕ್ಕಾದರೂ ತಂಡಗಳನ್ನು ಹಿಂದಿರುಗಿಸಬೇಕು.