ಗೇನ್ ಮೊದಲು, ಫೇಡರ್ ಆಮೇಲೆ

ಸಂಗೀತ ಕಚೇರಿ ಕೇಳಿ ಮನೆಗೆ ಬಂದವರು ಗಾಯಕರ ಶಾರೀರ, ಪಿಟೀಲಿನ ಕಮಾನು, ಮೃದಂಗದ ನಡೆ ಎಲ್ಲದರ ಬಗ್ಗೆಯೂ ಮಾತಾಡುತ್ತಾರೆ. ಪೆಂಡಾಲಿನ ಕಂಬದ ಪಕ್ಕ ಮೇಜು ಹಾಕಿಕೊಂಡು ಕೂತಿದ್ದ ಮೈಕಿನವರ ಸುದ್ದಿ ಬರುವುದು ಮೈಕು ಕುಂಯ್ ಎಂದಾಗ ಮಾತ್ರ. ಆಗಲೂ ಬೈಯುವುದಕ್ಕೇ. ಅವರು ಚೆನ್ನಾಗಿ ಕೆಲಸ ಮಾಡಿದ ದಿನ ಅವರು ಇದ್ದದ್ದೇ ಯಾರಿಗೂ ಗೊತ್ತಾಗುವುದಿಲ್ಲ.

ಮೈಕ್ ಬಳಕೆಗೆ ಬರುವ ಮುನ್ನ ಈ ಹೊರೆ ವಿದ್ವಾಂಸರ ಮೇಲೆಯೇ ಇತ್ತು. ಮೈಸೂರು ಟಿ. ಚೌಡಯ್ಯನವರು ಪಿಟೀಲಿನ ಮೂರು ತಂತಿಗಳಿಗೆ ಜೋಡಿ ತಂತಿ ಕಟ್ಟಿ ಏಳು ತಂತಿಯ ವಾದ್ಯ ಮಾಡಿಕೊಂಡದ್ದು ಹಿಂದಿನ ಸಾಲಿನಲ್ಲಿ ಕೂತವರಿಗೂ ನಾದ ಮುಟ್ಟಲಿ ಎಂದು. ಇವತ್ತು ಆ ಕೆಲಸವನ್ನು ಮಿಕ್ಸರ್ ಮಾಡುತ್ತದೆ. ಅದರ ಜೊತೆಗೆ ಚೌಡಯ್ಯನವರ ಕಾಲದಲ್ಲಿ ಆಗದಿದ್ದ ಇನ್ನೊಂದನ್ನೂ ಮಾಡಬಲ್ಲದು: ಘಟವನ್ನು ಮೃದಂಗಕ್ಕಿಂತ ಜೋರು ಮಾಡಬಹುದು, ಗಾಯಕಿಯ ಉಸಿರನ್ನು ಪಿಟೀಲಿಗಿಂತ ಮುಂದೆ ತರಬಹುದು. ವೇದಿಕೆಯ ಮೇಲೆ ಐದು ಜನ ಪರಸ್ಪರ ಕೇಳಿಸಿಕೊಂಡು ಹದ ಮಾಡಿಕೊಳ್ಳುತ್ತಿದ್ದ ಪ್ರಮಾಣ ಈಗ ಒಬ್ಬರ ಬೆರಳ ತುದಿಯಲ್ಲಿದೆ. ಮನೆಯಲ್ಲಿ ಮಗಳ ಹಾಡು ರೆಕಾರ್ಡ್ ಮಾಡಲು ಚಿಕ್ಕ ಮಿಕ್ಸರ್ ಕೊಂಡವರಿಗೂ, ಬಡಾವಣೆಯ ಗಣೇಶೋತ್ಸವದಲ್ಲಿ ಸೌಂಡ್ ನೋಡಿಕೊಳ್ಳುವ ಕೆಲಸ ತಲೆಗೆ ಬಂದವರಿಗೂ, ಸುಮ್ಮನೆ ಕೂತು ಕೇಳುವ ರಸಿಕರಿಗೂ ಆ ಮೇಜಿನ ಮೇಲೆ ನಡೆಯುವುದು ಸ್ವಲ್ಪ ತಿಳಿದಿದ್ದರೆ ಒಳ್ಳೆಯದು.

ಯಂತ್ರ ಮುಟ್ಟುವ ಮುಂಚೆ ಒಂದು ಮನೆ ಕಚೇರಿಗೆ ಹೋಗಿ, ಮೈಕಿಲ್ಲದ್ದಕ್ಕೆ. ನಡುಮನೆಯಲ್ಲಿ ಎಂಟು ಹತ್ತು ಅಡಿ ದೂರದಲ್ಲಿ ಕೂತು ಕೇಳಿದರೆ ತಂಬೂರಿ ಎಷ್ಟು ಮೆಲ್ಲಗಿದೆ, ಮೃದಂಗದ ತೊಪ್ಪಿಯ ಗುಮಿಕಿ ಎಷ್ಟು ಮೃದುವಾಗಿ ಬರುತ್ತದೆ ಎಂಬ ಅಂದಾಜು ಸಿಗುತ್ತದೆ. ದೊಡ್ಡ ಸ್ಪೀಕರುಗಳಲ್ಲಿ ತೊಪ್ಪಿ ಎದೆಗೆ ಗುದ್ದುವುದನ್ನೇ ಮೃದಂಗ ಎಂದುಕೊಂಡು ಬೆಳೆದ ಕಿವಿಗೆ ಇದು ಸಪ್ಪೆ ಅನ್ನಿಸಬಹುದು. ಆದರೆ ಮಿಕ್ಸರಿನ ಮುಂದೆ ಕೂತಾಗ ಮುಟ್ಟಬೇಕಾದ ಗುರಿ ಇದೇ.

ಇನ್ನು ಯಂತ್ರ. ಮೊದಲ ಸಲ ನೋಡಿದವರಿಗೆ ಅಷ್ಟೊಂದು ನಾಬುಗಳು ಕಂಡು ಗಾಬರಿಯಾಗುವುದು ಸಹಜ. ಸರಿಯಾಗಿ ನೋಡಿದರೆ ಮೇಲಿನಿಂದ ಕೆಳಕ್ಕೆ ಇಳಿಯುವ ಒಂದೇ ಸಾಲು ಮತ್ತೆ ಮತ್ತೆ ಬಂದಿದೆ, ಅಷ್ಟೇ. ಒಂದು ಸಾಲಿಗೆ ಒಂದು ಚಾನೆಲ್, ಒಂದು ಚಾನೆಲ್ಲಿಗೆ ಒಂದು ಮೈಕ್. ಒಂದನ್ನು ಕಲಿತರೆ ಎಲ್ಲವನ್ನೂ ಕಲಿತ ಹಾಗೆ. ಕೊಳ್ಳುವಾಗ ಮಾತ್ರ ಹೆಸರಿನಲ್ಲಿರುವ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಯಮಾಹಾ ಎಂಜಿ10 ಎಕ್ಸ್‌ಯು ಮಿಕ್ಸರಿನ ಹೆಸರಿನಲ್ಲಿ 10 ಇದ್ದರೂ ಅದಕ್ಕೆ ಹಾಕಬಹುದಾದ ಮೈಕು ನಾಲ್ಕೇ. ಉಳಿದವು ಕೀಬೋರ್ಡ್, ಎಲೆಕ್ಟ್ರಾನಿಕ್ ತಂಬೂರಿ, ಫೋನಿನಂಥವಕ್ಕೆ. ಬೇರೆ ಕಂಪನಿಗಳದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ.

ಸಾಲಿನ ನೆತ್ತಿಯಲ್ಲಿ ಮೂರು ಪಿನ್ನಿನ ಕೇಬಲ್ ಸಿಕ್ಕಿಸುವ ಜಾಗ. ಅದರ ಹತ್ತಿರ, ಅಥವಾ ಎಲ್ಲ ಚಾನೆಲ್ಲಿಗೂ ಸೇರಿ ಒಂದೇ ಕಡೆ, 48 ವೋಲ್ಟ್ ಎಂದು ಬರೆದ ಗುಂಡಿ ಇರುತ್ತದೆ. ಕಂಡೆನ್ಸರ್ ಮೈಕಿಗೆ ಈ ಕರೆಂಟು ಬೇಕು. 1966ರಿಂದ ತಯಾರಾಗುತ್ತಿರುವ, ವೇದಿಕೆಗಳಲ್ಲಿ ಎಲ್ಲೆಲ್ಲೂ ಕಾಣುವ ಶ್ಯೂರ್ ಎಸ್‌ಎಂ58ರಂಥ ಡೈನಮಿಕ್ ಮೈಕಿಗೆ ಬೇಡ. ಇದನ್ನು ಒತ್ತುವಾಗ ಸಾಲಿನ ತಳದಲ್ಲಿ ದನಿ ಏರಿಳಿಸುವ ಫೇಡರ್ ಕೆಳಗಿರಲಿ, ಇಲ್ಲದಿದ್ದರೆ ಸ್ಪೀಕರಿನಲ್ಲಿ ಢಬ್ ಎನ್ನುತ್ತದೆ.

ಅದರ ಕೆಳಗಿನದೇ ಗೇನ್. ಇಡೀ ಯಂತ್ರದಲ್ಲಿ ನಿಧಾನವಾಗಿ, ಸಮಯ ಕೊಟ್ಟು ಕಲಿಯಬೇಕಾದದ್ದು ಇದೊಂದೇ ಎಂದರೂ ತಪ್ಪಿಲ್ಲ. ಮೈಕಿನಿಂದ ಬರುವ ವಿದ್ಯುತ್ತು ತೀರಾ ಕ್ಷೀಣ. ಅದನ್ನು ಕೆಲಸಕ್ಕೆ ಬರುವಷ್ಟು ಮಟ್ಟಕ್ಕೆ ಎತ್ತುವುದು ಗೇನ್. ಇಲ್ಲಿ ಹೆಚ್ಚಾದರೆ ದನಿ ಒಡೆದು ಕರಕರ ಎನ್ನುತ್ತದೆ, ಮುಂದೆ ಯಾವ ನಾಬ್ ತಿರುಗಿಸಿದರೂ ಅದು ಹೋಗುವುದಿಲ್ಲ. ಕಡಿಮೆಯಾದರೆ ಮುಂದೆ ಎಲ್ಲೋ ಏರಿಸಬೇಕಾಗುತ್ತದೆ, ಆಗ ದನಿಯ ಬೆನ್ನಿಗೇ ಸುಯ್ ಎನ್ನುವ ಸದ್ದೂ ಏರುತ್ತದೆ.

ಗೇನ್ ಇಡುವ ಕ್ರಮ ಹೀಗೆ. ಆ ಚಾನೆಲ್ಲಿನ ಪಿಎಫ್‌ಎಲ್ ಗುಂಡಿ ಒತ್ತಿ. ಈಗ ಹೆಡ್‌ಫೋನಿನಲ್ಲಿ ಅದೊಂದೇ ಕೇಳಿಸುತ್ತದೆ, ಮೀಟರಿನಲ್ಲೂ ಅದರದ್ದೇ ದೀಪ ಏರಿಳಿಯುತ್ತದೆ. ಗಾಯಕರಿಗೆ ಹಾಡಲು ಹೇಳಿ. ‘ಹಲೋ ಮೈಕ್ ಟೆಸ್ಟಿಂಗ್ ಒನ್ ಟೂ ತ್ರೀ’ಯಿಂದ ಏನೂ ತಿಳಿಯುವುದಿಲ್ಲ, ಯಾರೂ ಕಚೇರಿಯಲ್ಲಿ ಅಷ್ಟು ದನಿಯಲ್ಲಿ ಹಾಡುವುದಿಲ್ಲ. ‘ತಾರಸ್ಥಾಯಿಯಲ್ಲಿ ನಿಮಗೆ ಜೋರಾಗಿ ಬರುವ ಒಂದು ಸಂಗತಿ ಹಾಡಿ ಮೇಡಂ’ ಎಂದು ಕೇಳಿ. ಮೃದಂಗದವರಿಗೂ ‘ತನಿಯಲ್ಲಿ ನುಡಿಸುವ ಹಾಗೇ ನುಡಿಸಿ ಸರ್’ ಎನ್ನಿ. ದೀಪ 0ಯ ಆಸುಪಾಸು ಆಡುತ್ತಾ, ಕೆಂಪು ಒಮ್ಮೆಯೂ ಹತ್ತದಂತೆ ಗೇನ್ ನಿಲ್ಲಿಸಿ. ಎಲ್ಲ ಚಾನೆಲ್ಲಿಗೂ ಇದಾದ ಮೇಲೆಯೇ ಫೇಡರಿಗೆ ಕೈ. ಫೇಡರಿನ ಪಟ್ಟಿಯನ್ನು ಗಮನಿಸಿ: 0 ಗುರುತಿನ ಹತ್ತಿರ ಬೆರಳಗಲ ಸರಿಸಿದರೆ ಕೆಲವೇ ಡೆಸಿಬಲ್ ವ್ಯತ್ಯಾಸ, ತಳದಲ್ಲಿ ಅಷ್ಟೇ ಸರಿಸಿದರೆ ಇಪ್ಪತ್ತು ಡೆಸಿಬಲ್ ಹಾರುತ್ತದೆ. ಗೇನ್ ಸರಿಯಿದ್ದರೆ ಫೇಡರುಗಳು 0ಯ ಸುತ್ತಲೇ ಇರುತ್ತವೆ, ನವಿರಾಗಿ ತಿದ್ದಲು ಕೈಗೆ ಜಾಗ ಸಿಗುತ್ತದೆ. ಫೇಡರುಗಳೆಲ್ಲ ತಳದಲ್ಲಿ ತೆವಳುತ್ತಿರುವ ಮಿಕ್ಸರ್ ಕಂಡರೆ ಗೇನ್ ಇಟ್ಟವರು ಅವಸರದಲ್ಲಿದ್ದರು ಎಂದು ತಿಳಿಯಿರಿ.

ಗೇನಿನ ಪಕ್ಕ ಲೋ ಕಟ್ ಎಂಬ ಪುಟ್ಟ ಗುಂಡಿ. ಸಾಮಾನ್ಯವಾಗಿ 80 ಅಥವಾ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಇಳಿಸುತ್ತದೆ: ವೇದಿಕೆಯ ಹಲಗೆಯ ಧಡಧಡ, ಫ್ಯಾನಿನ ಗಾಳಿ, ಕೈ ತಗುಲಿದ ಸದ್ದು. ಹಾಡುವ ಮೈಕಿಗೆ ಹಾಕಬಹುದೇ? ಲೆಕ್ಕ ಮಾಡೋಣ. ಐದು ಮನೆ ಶ್ರುತಿಯ ಗಾಯಕಿಯ ಮಧ್ಯ ಷಡ್ಜ 196 ಹರ್ಟ್ಸ್, ಮಂದ್ರ ಪಂಚಮ ಸುಮಾರು 147. ಅವರಿಗೆ ಕಣ್ಣು ಮುಚ್ಚಿ ಹಾಕಿ. ಒಂದು ಮನೆ ಶ್ರುತಿಯ ಗಾಯಕರ ಷಡ್ಜ 131, ಮಂದ್ರ ಪಂಚಮ 98. ಗುಂಡಿ 100ರದ್ದಾಗಿದ್ದರೆ ಅವರ ಪಂಚಮದ ಮೈ ಸ್ವಲ್ಪ ತೆಳುವಾಗಬಹುದು, ಮಂದ್ರದಲ್ಲಿ ಆಲಾಪನೆ ಮಾಡುವಾಗ ಒಮ್ಮೆ ಹಾಕಿ, ಒಮ್ಮೆ ತೆಗೆದು ಕೇಳಿ ತೀರ್ಮಾನಿಸಿ. ಮೃದಂಗದ ತೊಪ್ಪಿಯ ಮೈಕಿಗೆ ಬೇಡ.

ಆಮೇಲೆ ಈಕ್ಯೂ: ಟ್ರೆಬಲ್, ಮಿಡ್, ಬೇಸ್. ಹೊಸಬರ ಕೈ ಇಲ್ಲಿ ಬಲಕ್ಕೇ ತಿರುಗುತ್ತದೆ. ದನಿ ಸ್ಪಷ್ಟವಿಲ್ಲವೇ, ಟ್ರೆಬಲ್ ಏರಿಸು. ತೆಳುವೇ, ಬೇಸ್ ಏರಿಸು. ಸ್ವಲ್ಪ ಹೊತ್ತಿಗೆ ಎಲ್ಲ ಚಾನೆಲ್ಲುಗಳೂ ಏರಿ ಕೂತು ಮತ್ತೆ ಏನೂ ಸ್ಪಷ್ಟವಿರುವುದಿಲ್ಲ. ಹುಳಿಗೆ ಉಪ್ಪು ಹೆಚ್ಚಾಯಿತೆಂದು ಬೆಲ್ಲ, ಬೆಲ್ಲ ಹೆಚ್ಚಾಯಿತೆಂದು ಖಾರ ಹಾಕುತ್ತಾ ಹೋದ ಹಾಗೆ. ನನ್ನ ಮಟ್ಟಿಗೆ ಮಿಕ್ಸಿಂಗಿನ ಮುಕ್ಕಾಲು ಪಾಲು ತಗ್ಗಿಸುವ ಕೆಲಸ. ದನಿ ಮಂಕಾಗಿದ್ದರೆ ಮಿಡ್‌ನ ಆವರ್ತನ ಆರಿಸುವ ನಾಬ್ ಇದ್ದರೆ ಅದನ್ನು 300–400 ಹರ್ಟ್ಸ್ ಸುತ್ತ ಇಟ್ಟು ಮಿಡ್ ಒಂದಿಷ್ಟು ಇಳಿಸಿ ನೋಡಿ, ಟ್ರೆಬಲ್ ಮುಟ್ಟದೆಯೇ ಸಾಹಿತ್ಯ ತಿಳಿಯಾಗುತ್ತದೆ. ‘ಪಿಟೀಲು ಕೇಳಿಸುತ್ತಿಲ್ಲ’ ಎಂದು ಮುಂದಿನ ಸಾಲಿನ ಹಿರಿಯರು ಕೈಸನ್ನೆ ಮಾಡಿದಾಗಲೂ ಅಷ್ಟೇ, ಮೊದಲು ಅದನ್ನು ಮುಚ್ಚುತ್ತಿರುವುದು ಯಾವುದು ಎಂದು ಹುಡುಕಿ. ಬಹಳ ಸಲ ಅದು ಅಳತೆ ಮೀರಿದ ತಂಬೂರಿಯ ಚಾನೆಲ್. ಎಕೋ ಬಗ್ಗೆ ಹೆಚ್ಚು ಹೇಳುವುದಿಲ್ಲ: ಇದೆ ಎಂದು ಗೊತ್ತಾಗುವಷ್ಟು ಇದ್ದರೆ ಜಾಸ್ತಿಯಾಯಿತು.

ಆಕ್ಸ್ ಎಂಬ ನಾಬ್ ವೇದಿಕೆಯ ಮೇಲಿನವರಿಗಾಗಿ. ಗಾಯಕರ ಮುಂದಿನ ಮಾನಿಟರಿಗೆ ಹೋಗುವುದು ಜನ ಕೇಳುವ ಮಿಶ್ರಣವಲ್ಲ, ಅವರಿಗೆಂದೇ ಮಾಡಿದ ಬೇರೊಂದು ಮಿಶ್ರಣ. ಮಾನಿಟರಿನ ಆಕ್ಸ್ ‘ಪ್ರೀ’ ಎಂದಿರಲಿ. ಆಗ ನೀವು ಸಭೆಗೆ ಫೇಡರ್ ಏರಿಳಿಸಿದರೆ ಅವರ ಕಿವಿಗೆ ವ್ಯತ್ಯಾಸವಾಗುವುದಿಲ್ಲ. ಎಕೋಗೆ ಹೋಗುವುದು ‘ಪೋಸ್ಟ್’.

ಮನೆಯಲ್ಲಿ ರೆಕಾರ್ಡ್ ಮಾಡುವವರು ಮೊದಲು ತಿಳಿಯಬೇಕಾದ್ದು, ಯುಎಸ್‌ಬಿ ಇರುವ ಸಾಕಷ್ಟು ಅಗ್ಗದ ಮಿಕ್ಸರುಗಳು ಕಂಪ್ಯೂಟರಿಗೆ ಕಳಿಸುವುದು ಎಡ ಮತ್ತು ಬಲ ಎರಡನ್ನೇ. ನಾಲ್ಕು ಮೈಕು ಹಾಕಿದ್ದರೂ ಒಮ್ಮೆ ಬೆರೆತದ್ದನ್ನು ಆಮೇಲೆ ಬಿಡಿಸಲಾಗದು. ಹಾಡು, ವಾದ್ಯ ಬೇರೆ ಬೇರೆ ಟ್ರ್ಯಾಕಿನಲ್ಲಿ ಬೇಕೆಂದರೆ ಜೂಮ್ ಎಲ್‌-12ರಂತೆ ಪ್ರತಿ ಚಾನೆಲ್ಲನ್ನೂ ಕಾರ್ಡಿಗೆ ಬರೆಯುವ ಮಿಕ್ಸರ್ ತಗೊಳ್ಳಿ. ಒಬ್ಬರೇ ಹಾಡುವವರಿಗೆ ಎರಡು ಟ್ರ್ಯಾಕೇ ಧಾರಾಳ: ಪ್ಯಾನ್ ನಾಬನ್ನು ಹಾಡಿಗೆ ಪೂರ್ತಿ ಎಡಕ್ಕೆ, ತಂಬೂರಿಗೆ ಪೂರ್ತಿ ಬಲಕ್ಕೆ ತಿರುಗಿಸಿದರೆ ಎರಡೂ ಬೇರೆಯಾಗಿಯೇ ದಾಖಲಾಗುತ್ತವೆ, ಆಮೇಲೆ ಕಂಪ್ಯೂಟರಿನಲ್ಲಿ ನಡುವೆ ತಂದು ಬೆರೆಸಬಹುದು. ಎಲೆಕ್ಟ್ರಾನಿಕ್ ತಂಬೂರಿಯನ್ನು ಕೇಬಲ್ಲಿನಲ್ಲಿ ಕೊಟ್ಟು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳಲಿ, ಹಾಡುವ ಮೈಕಿಗೆ ಅದು ಬೀಳಬಾರದು.

ಮೈಕು ಬಾಯಿಂದ ಒಂದು ಗೇಣು, ತುಸು ಓರೆಯಾಗಿ. ನೇರ ಎದುರಿಗಿದ್ದರೆ ಪ, ಫ, ಭ ಬಂದಾಗಲೆಲ್ಲ ಗಾಳಿ ಹೊಡೆದು ಬುಸ್ ಎನ್ನುತ್ತದೆ. ತೀರಾ ಹತ್ತಿರ ಹೋದರೆ ಹಾಡಿಗೆ ಬಳಸುವ ಬಹುತೇಕ ಮೈಕುಗಳು ಬೇಸನ್ನು ಹಿಗ್ಗಿಸುತ್ತವೆ. ದೂರ ಹೋದರೆ ಕೋಣೆಯ ಪ್ರತಿಧ್ವನಿ ಒಳಗೆ ಬರುತ್ತದೆ. ಹಾಸಿಗೆ, ಪರದೆ, ಬಟ್ಟೆ ತುಂಬಿದ ಬೀರು ಇರುವ ಮಲಗುವ ಕೋಣೆ ಟೈಲ್ಸ್ ಹಾಕಿದ ಹಾಲ್‌ಗಿಂತ ಎಷ್ಟೋ ವಾಸಿ. ಫ್ಯಾನ್ ಆರಿಸಿ. ಕಂಪ್ಯೂಟರಿನಲ್ಲಿ 24 ಬಿಟ್ ಇಟ್ಟು, ದನಿಯ ತುದಿ ಮೈನಸ್ 12ರಿಂದ ಮೈನಸ್ 6ರೊಳಗೆ ನಿಂತರೆ ಸಾಕು, 0ಗೆ ಮುಟ್ಟಿಸುವ ಹಟ ಬೇಡ. ಸಣ್ಣಗೆ ಗುಂಯ್ ಎನ್ನುತ್ತಿದೆಯೇ? ಅದು ನಮ್ಮ 50 ಹರ್ಟ್ಸ್ ಕರೆಂಟಿನ ಹಾಡು. ಲ್ಯಾಪ್‌ಟಾಪನ್ನೂ ಮಿಕ್ಸರನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿ ನೋಡಿ, ಅಥವಾ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಪ್ಲಗ್ಗಿನ ಅರ್ಥ್ ಪಿನ್ ಮುರಿದರೆ ಸರಿಹೋಗುತ್ತದೆ ಎನ್ನುವವರು ಸಿಗುತ್ತಾರೆ. ಸದ್ದು ಹೋಗಲೂಬಹುದು, ಮೈಕು ಹಿಡಿದವರ ಜೀವವೂ ಹೋಗಬಹುದು.

ಸಭೆಯಲ್ಲಿ ದೊಡ್ಡ ಶತ್ರು ಫೀಡ್‌ಬ್ಯಾಕ್. ಸ್ಪೀಕರಿನಿಂದ ಹೊರಟದ್ದು ಮತ್ತೆ ಮೈಕಿಗೆ ಬಿದ್ದು, ಇನ್ನಷ್ಟು ಬೆಳೆದು ಹೊರಬಂದು, ಸುತ್ತುತ್ತಲೇ ಕೂಗುತ್ತದೆ. ಆ ಕೂಗು ಯಾವ ಸ್ವರವೆಂದು ಗುರುತಿಸಲು ನಮ್ಮ ಸ್ವರಾಕ್ಷರಗಳೇ ಸಾಕು. ಊ ಎಂದು ಕೂಗಿದರೆ ಸುಮಾರು 250 ಹರ್ಟ್ಸ್, ಓ ಎಂದರೆ 500, ಆ ಎಂದರೆ 1000, ಏ ಎಂದರೆ 2000, ಈ ಎಂದು ಸೀಳಿದರೆ 4000. ಊ, ಓಗಳು ಬಂದರೆ ಮಿಡ್ ನಾಬಿನ ಕೆಳ ಭಾಗದಲ್ಲಿ ಹುಡುಕಿ. ಈ ಬಂದರೆ ಮೇಲೆ. ಅದಕ್ಕೂ ಮುಂಚೆ ಸ್ಪೀಕರುಗಳು ಮೈಕುಗಳಿಗಿಂತ ಮುಂದಿವೆಯೇ, ಜನರತ್ತ ಮುಖ ಮಾಡಿವೆಯೇ ನೋಡಿ. ತೆರೆದ ಮೈಕುಗಳ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಕೂಗು ಬರುವ ಮುನ್ನ ಏರಿಸಬಹುದಾದ ಮಟ್ಟ 3 ಡೆಸಿಬಲ್ ಕುಸಿಯುತ್ತದೆ. ನಿರೂಪಕರ ಮೈಕು, ಅಧ್ಯಕ್ಷರ ಭಾಷಣದ ಮೈಕು ಕಚೇರಿ ಶುರುವಾದ ಮೇಲೂ ತೆರೆದೇ ಇರುವುದು ನಮ್ಮಲ್ಲಿ ನಿತ್ಯ ಕಾಣುವ ದೃಶ್ಯ. ಮ್ಯೂಟ್ ಮಾಡಿ.

ಇದೆಲ್ಲವನ್ನೂ ಚೆನ್ನಾಗಿ ಮಾಡುವುದು ಹೇಗಿರುತ್ತದೆಂದು ನೋಡಲು ಬೆಂಗಳೂರಿನವರು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋಗಬಹುದು. ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವದ ಪೆಂಡಾಲದು. ಇಂಥ ಕಡೆ ಒಂದು ದಿನ ಮುಂದಿನ ಸಾಲು ಬಿಟ್ಟು ಮಿಕ್ಸರಿನ ಪಕ್ಕದಲ್ಲಿ ಕೂತು, ಮೇಜಿನವರ ಕೈ ಗಮನಿಸಿ. ಖಾಲಿ ಕುರ್ಚಿಗಳ ಮುಂದೆ ಹದ ಮಾಡಿದ್ದು ಜನ ತುಂಬಿದ ಮೇಲೆ ಹಾಗೇ ಉಳಿಯುವುದಿಲ್ಲ. ಮೈ, ಬಟ್ಟೆ ಎಲ್ಲ ತಾರದ ನಾದವನ್ನು ಹೀರುತ್ತವೆ. ಹಾಗಾಗಿ ವರ್ಣದ ಹೊತ್ತಿಗೆ ಕೈ ಚುರುಕಾಗಿ ಓಡಾಡುತ್ತದೆ. ಒಳ್ಳೆಯವರದ್ದು ಎರಡನೆಯ ಕೃತಿಗೆ ಬರುವಷ್ಟರಲ್ಲಿ ನಿಂತುಬಿಡುತ್ತದೆ.

ಮತ್ತೆ ಅದು ಏಳುವುದು ತನಿಯಾವರ್ತನಕ್ಕೆ. ಗಾಯಕರು ತಾಳ ಹಾಕುತ್ತಾ ಕೂತಿದ್ದಾರೆ, ಅವರ ಮೈಕು ಸುಮ್ಮನೆ ಮೃದಂಗವನ್ನು ದೂರದಿಂದ ಕೇಳಿಸಿಕೊಂಡು ಮಸಕು ಮಾಡುತ್ತಿದೆ. ಅದನ್ನು ಒಂದು ಐದಾರು ಡೆಸಿಬಲ್ ಇಳಿಸಿದರೆ ಚಾಪು ತಟ್ಟನೆ ನಿಚ್ಚಳವಾಗುತ್ತದೆ. ಪೂರ್ತಿ ಮ್ಯೂಟ್ ಮಾಡುವವರೂ ಇದ್ದಾರೆ, ಗಾಯಕರ ‘ಭೇಷ್’ ಯಾರಿಗೂ ಕೇಳದೆ ಹೋಗುತ್ತದೆ. ಮೇಜಿನವರಿಗೆ ತಾಳ ಗೊತ್ತಿದೆಯೋ ಇಲ್ಲವೋ ತಿಳಿಯುವುದು ಕೊನೆಯಲ್ಲಿ: ತನಿ ಮುಗಿಯುತ್ತಿರುವುದನ್ನು ಸೂಚಿಸುವ ಮೋಹರಾ ಶುರುವಾದದ್ದು ಕಿವಿಗೆ ಬಿದ್ದ ಕೂಡಲೇ ಗಾಯಕರ ಫೇಡರ್ ಮೆಲ್ಲಗೆ ತನ್ನ ಗುರುತಿಗೆ ಮರಳಿರಬೇಕು. ಕೋರ್ವೆ ಮೂರನೆಯ ಸಲ ಮುಗಿದ ಮರುಕ್ಷಣವೇ ಅವರು ಸಾಲು ಎತ್ತಿಕೊಳ್ಳುತ್ತಾರೆ, ಅದರ ಮೊದಲ ಅಕ್ಷರ ನುಂಗಿಹೋಗಬಾರದು.